ಮರದ ಅಂಟು, ರಾಳಗಳಲ್ಲಿ ಪೊಟ್ಯಾಸಿಯಂ ಅಳೆಯುವ ಬಗೆ: ಫ್ಲೇಮ್ ಫೋಟೋಮೀಟರ್ ಬಳಸುವವರಿಗೆ

ಮಣ್ಣಿನ ಪೊಟ್ಯಾಸಿಯಂ ಅಳೆಯಲು ಬಳಸುವ ಫ್ಲೇಮ್ ಫೋಟೋಮೀಟರ್, ಅಂದರೆ ದ್ರಾವಣವನ್ನು ಜ್ವಾಲೆಗೆ ಹಾಯಿಸಿ ಹೊಮ್ಮುವ ಬೆಳಕಿನಿಂದ ಲೋಹದ ಪ್ರಮಾಣ ಹೇಳುವ ಉಪಕರಣ, ಹುಬ್ಬಳ್ಳಿ, ಧಾರವಾಡ, ಗದಗಗಳ ಪ್ರಯೋಗಾಲಯಗಳಲ್ಲಿ ಅಪರೂಪದ ಸಲಕರಣೆಯೇನಲ್ಲ. ಅದರಿಂದಲೇ ಮರದ ಅಂಟಿನಲ್ಲೋ ರಾಳದಲ್ಲೋ ಇರುವ ಪೊಟ್ಯಾಸಿಯಂ ಅಳೆಯಬಹುದೇ ಎಂದು ಪ್ರಾಜೆಕ್ಟ್ ಮಾಡುವ ಸ್ನಾತಕೋತ್ತರ ವಿದ್ಯಾರ್ಥಿಗಳು ಆಗಾಗ ಕೇಳುತ್ತಾರೆ. ಖಂಡಿತ ಅಳೆಯಬಹುದು. ಆದರೆ ಮಣ್ಣಿಗೆ ಅನುಸರಿಸುವ ಕ್ರಮವನ್ನು ಹಾಗೆಯೇ ಎತ್ತಿ ರಾಳಕ್ಕೆ ಹಚ್ಚಿದರೆ ಸಿಗುವ ಅಂಕಿಯನ್ನು ನಂಬಲಾಗದು. ಮಣ್ಣಿನ ಮಾದರಿಯನ್ನು ಅಮೋನಿಯಂ ಅಸಿಟೇಟ್ ದ್ರಾವಣದಲ್ಲಿ ಅಲುಗಾಡಿಸಿ ಸೋಸಿದರೆ ಮುಗಿಯಿತು. ರಾಳವಾದರೋ ನೀರಿಗೆ ಜಗ್ಗುವುದಿಲ್ಲ, ಆಮ್ಲಕ್ಕೂ ಸುಲಭವಾಗಿ ಸೋಲುವುದಿಲ್ಲ, ಬಿಸಿ ಮಾಡಿದರೆ ಕರಗಿ, ಹೊಗೆಯಾಡಿ, ಒಮ್ಮೆಲೇ ಹೊತ್ತಿಕೊಳ್ಳುತ್ತದೆ. ಉಪಕರಣದ ಮುಂದಿನ ಕೆಲಸ ಒಂದು ಗಂಟೆಯದಾದರೆ, ಮಾದರಿಯನ್ನು ಅಲ್ಲಿಯವರೆಗೆ ತರುವ ಕೆಲಸ ಎರಡು ದಿನಗಳದು, ಮತ್ತು ಫಲಿತಾಂಶ ಕೆಡುವುದು ಹೆಚ್ಚಾಗಿ ಆ ಎರಡು ದಿನಗಳಲ್ಲೇ. ಹಾಗಾಗಿ ಇಲ್ಲಿಯೂ ಆ ಭಾಗವನ್ನೇ ಸಾವಕಾಶವಾಗಿ ವಿವರಿಸಿದ್ದೇನೆ.

ಅಂಟೋ, ರಾಳವೋ?

ತೊಗಟೆ ಬಿರಿದಲ್ಲಿ ಒಸರಿ ಗಟ್ಟಿಯಾಗುವುದೆಲ್ಲ ರಾಸಾಯನಿಕವಾಗಿ ಒಂದೇ ಅಲ್ಲ. ನಮ್ಮ ಬಯಲುಸೀಮೆಯ ಕರಿಜಾಲಿ, ಬೇವು, ಕುರುಚಲು ಕಾಡಿನ ದಿಂಡಿಗ ಇವು ಕೊಡುವುದು ಅಂಟು. ಅದು ಸಕ್ಕರೆಯ ಅಣುಗಳು ಕವಲುಕವಲಾಗಿ ಬೆಸೆದುಕೊಂಡ ಉದ್ದನೆಯ ಸರಪಳಿ. ಅದರ ಆಮ್ಲೀಯ ಗುಂಪುಗಳಿಗೆ ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂ ಅಯಾನುಗಳು ಜೋಡಿಕೊಂಡಿರುತ್ತವೆ. ಎಂದರೆ ಪೊಟ್ಯಾಸಿಯಂ ಅಂಟಿನ ರಚನೆಯಲ್ಲೇ ಇರುವ ಪದಾರ್ಥ, ಹೊರಗಿನಿಂದ ಸೇರಿದ್ದಲ್ಲ. ಜಾಲಿ ಜಾತಿಯ ಒಳ್ಳೆಯ ಅಂಟನ್ನು ಸುಟ್ಟರೆ ಶೇ. 3ರಿಂದ 4ರಷ್ಟು ಬೂದಿ ಉಳಿಯುವುದು ಸಹಜ. ಶುದ್ಧ ರಾಳದ ಸಂಗತಿ ಬೇರೆ. ಅದು ಟರ್ಪೀನ್ ವರ್ಗದ ಸಂಯುಕ್ತಗಳ ಮುದ್ದೆ, ನೀರಿನಲ್ಲಿ ಕರಗದು, ಮದ್ಯಸಾರದಲ್ಲಿ ಕರಗುತ್ತದೆ, ಲೋಹದ ಅಯಾನುಗಳಿಗೆ ಅದರಲ್ಲಿ ಹೆಚ್ಚಿನ ಜಾಗವಿಲ್ಲ, ಆದ್ದರಿಂದ ಬೂದಿಯೂ ಅತ್ಯಲ್ಪ. ಗುಗ್ಗುಳ ಮತ್ತು ಇಂಗು ಈ ಎರಡರ ನಡುವಿನವು. ಅವುಗಳಲ್ಲಿ ಅಂಟಿನ ಭಾಗವೂ ಇದೆ, ರಾಳದ ಭಾಗವೂ ಇದೆ, ಮೇಲೆ ಸ್ವಲ್ಪ ಸುಗಂಧ ತೈಲವೂ ಇದೆ.

ಮಾದರಿ ಯಾವ ಬಗೆಯದೆಂದು ಗೊತ್ತಿಲ್ಲದಿದ್ದರೆ ಒಂದು ಚಿಟಿಕೆ ಪುಡಿಯನ್ನು ನೀರಿನಲ್ಲಿ, ಇನ್ನೊಂದನ್ನು ಮದ್ಯಸಾರದಲ್ಲಿ ಹಾಕಿ ರಾತ್ರಿಯಿಡೀ ಬಿಡಿ. ನೀರಿನಲ್ಲಿ ಕರಗಿದರೆ ಅಥವಾ ಉಬ್ಬಿ ಲೋಳೆಯಾದರೆ ಅಂಟು; ಮದ್ಯಸಾರದಲ್ಲಿ ಕರಗಿದರೆ ರಾಳ; ಎರಡರಲ್ಲೂ ಅರ್ಧಂಬರ್ಧ ಕರಗಿ ನೀರು ಹಾಲಿನಂತೆ ಬೆಳ್ಳಗಾದರೆ ಅಂಟುರಾಳ. ಈ ಚಿಕ್ಕ ಪರೀಕ್ಷೆಯನ್ನು ಬಿಡಬಾರದು, ಏಕೆಂದರೆ ಎಷ್ಟು ತೂಕ ತೆಗೆದುಕೊಳ್ಳಬೇಕು, ಹೇಗೆ ಸುಡಬೇಕು, ಎಷ್ಟು ದುರ್ಬಲಗೊಳಿಸಬೇಕು ಎಂಬುದೆಲ್ಲ ಇದರಿಂದಲೇ ತೀರ್ಮಾನವಾಗುತ್ತದೆ. ಅಂಟಾದರೆ 1 ಗ್ರಾಂ, ಅಂಟುರಾಳವಾದರೆ 2 ಗ್ರಾಂ, ಶುದ್ಧ ರಾಳವಾದರೆ ಕನಿಷ್ಠ 5 ಗ್ರಾಂ ಎಂದು ಇಟ್ಟುಕೊಂಡರೆ ಆರಂಭಕ್ಕೆ ಸಾಕು.

ಸಂಗ್ರಹ, ಪುಡಿ, ತೇವಾಂಶ

ಗದಗ ಜಿಲ್ಲೆಯ ಕಪ್ಪತಗುಡ್ಡದಲ್ಲಿ ಔಷಧಿ ಸಸ್ಯಗಳು ಹೇರಳವಾಗಿರುವುದರಿಂದ ಮಾದರಿಗಾಗಿ ಅಲ್ಲಿಗೆ ಹೋಗುವ ಯೋಚನೆ ಹಲವರಿಗೆ ಬರುತ್ತದೆ. ಆ ಗುಡ್ಡಸಾಲು 2019ರಲ್ಲಿ ವನ್ಯಜೀವಿ ಧಾಮವೆಂದು ಘೋಷಿತವಾಗಿದೆ; ಅಲ್ಲಿ ತೊಗಟೆಗೆ ಕತ್ತಿ ತಾಗಿಸುವ ಮೊದಲು ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕೇ ಬೇಕು. ಹೊಲದ ಬದುವಿನ ಜಾಲಿ, ಊರ ಅಂಚಿನ ಬೇವು ಕಲಿಕೆಗೆ ಧಾರಾಳವಾಗಿ ಸಾಲುತ್ತವೆ.

ಕರಿಜಾಲಿಯ ಅಂಟಿನ ಒಂದು ಹನಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ಹೊರಗಿನಿಂದ ಜೇನಿನ ಬಣ್ಣದ ಶುದ್ಧ ಹರಳಾಗಿ ಕಾಣುವ ಅದರೊಳಗೆ ತೊಗಟೆಯ ಎಳೆ, ಮರಳಿನ ಕಣ, ಒಮ್ಮೊಮ್ಮೆ ಇರುವೆಯ ಒಂದು ಕಾಲು ಕೂಡ ಸಿಕ್ಕಿಹಾಕಿಕೊಂಡಿರುತ್ತವೆ. ತೊಗಟೆಯ ಬೂದಿಯಲ್ಲಿ ಪೊಟ್ಯಾಸಿಯಂ ಚೆನ್ನಾಗಿಯೇ ಇದೆ. ಎರೆಮಣ್ಣಿನ ಜೇಡಿಕಣಗಳಲ್ಲೂ ಅದು ಇದೆ, ಮತ್ತು ಬೇಸಿಗೆಯಲ್ಲಿ ನವಲಗುಂದ, ರೋಣದ ಕಡೆಯ ಗಾಳಿಯಲ್ಲಿ ತೇಲುವ ಎರೆಯ ಧೂಳು ಹಸಿ ರಾಳಕ್ಕೆ ತಾಗಿದರೆ ಬಿಡುವುದಿಲ್ಲ. ಅಂಟಿನಲ್ಲಿ ಪೊಟ್ಯಾಸಿಯಂ ಸಹಜವಾಗಿಯೇ ಹೆಚ್ಚಿರುವುದರಿಂದ ಇಂಥ ಕಲಬೆರಕೆಯಿಂದ ಆಗುವ ವ್ಯತ್ಯಾಸ ಸಣ್ಣದು. ಶುದ್ಧ ರಾಳದಲ್ಲಿ ಮಾತ್ರ ಒಂದು ಚೂರು ತೊಗಟೆ ಇಡೀ ಫಲಿತಾಂಶವನ್ನು ತಲೆಕೆಳಗು ಮಾಡಬಲ್ಲದು. ಹೀಗಾಗಿ ಮೇಲ್ಪದರವನ್ನು ಸ್ಟೇನ್‌ಲೆಸ್ ಸ್ಟೀಲ್ ಬ್ಲೇಡಿನಿಂದ ಕೆರೆದು ತೆಗೆಯಬೇಕು, ಒಳಗೆ ಎಳೆ ಕಾಣುವ ತುಣುಕುಗಳನ್ನು ಆರಿಸಿ ಎಸೆಯಬೇಕು, ಮಾದರಿಯನ್ನು ಬರಿಗೈಯಿಂದ ಮುಟ್ಟಬಾರದು. ಬೆವರಿನಲ್ಲಿ ಸೋಡಿಯಂ, ಪೊಟ್ಯಾಸಿಯಂ ಎರಡೂ ಇವೆ. ಪುಡಿ ಇಲ್ಲದ ಕೈಗವಸು ಒಳ್ಳೆಯದು.

ಪುಡಿ ಮಾಡುವಾಗ ಅಂಟು ತೊಂದರೆ ಕೊಡುವುದಿಲ್ಲ. ಏಪ್ರಿಲ್, ಮೇ ತಿಂಗಳ ಒಣ ಹವೆಯಲ್ಲಿ ಅದು ಗಾಜಿನ ಚೂರಿನಂತೆ ಒಡೆಯುತ್ತದೆ. ರಾಳ ಮಾತ್ರ ಒರಳಿನ ತಿಕ್ಕಾಟದ ಬಿಸಿಗೇ ಮೆತ್ತಗಾಗಿ ಕುಟ್ಟಾಣಿಗೆ ಹತ್ತಿಕೊಳ್ಳುತ್ತದೆ. ಅದನ್ನು ಪಾಲಿಥೀನ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ರಾತ್ರಿಯಿಡೀ ಫ್ರೀಜರಿನಲ್ಲಿಟ್ಟು, ಒರಳನ್ನೂ ತಣ್ಣಗೆ ಮಾಡಿಕೊಂಡು, ಸ್ವಲ್ಪಸ್ವಲ್ಪವಾಗಿ ಒಡೆಯಬೇಕು.

ತೇವಾಂಶದ ವಿಷಯದಲ್ಲಿಯೂ ಎರಡಕ್ಕೂ ಒಂದೇ ನಿಯಮ ಸಲ್ಲದು. ಅಂಟಿನಲ್ಲಿ ಶೇ. 10ರಿಂದ 15ರಷ್ಟು ತೇವ ಇರುವುದು ಸಾಮಾನ್ಯ, ಧಾರವಾಡದ ಮಳೆಗಾಲದಲ್ಲಿ ತಕ್ಕಡಿಯ ಮೇಲಿಟ್ಟಲ್ಲೇ ಅದು ತೇವ ಹೀರಿ ತೂಕ ಏರುತ್ತದೆ. ಅದನ್ನು 105 ಡಿಗ್ರಿ ಸೆಲ್ಸಿಯಸ್‌ನಲ್ಲಿ ಐದು ಗಂಟೆ ಒಣಗಿಸಿ, ಡೆಸಿಕೇಟರಿನಲ್ಲಿ (ತೇವ ತಾಗದಂತೆ ಮುಚ್ಚಿಡುವ ಪಾತ್ರೆ) ತಣಿಸಿ ತೂಗಬೇಕು. ರಾಳವನ್ನು ಅದೇ ಒಲೆಯಲ್ಲಿಟ್ಟರೆ ಅದು ಕರಗುತ್ತದೆ, ನೀರಿನ ಜೊತೆಗೆ ಸುಗಂಧ ತೈಲವೂ ಹಾರಿಹೋಗುತ್ತದೆ, ಉಳಿದ ತೂಕಕ್ಕೆ ಅರ್ಥವಿರುವುದಿಲ್ಲ. ರಾಳವನ್ನು ಸಿಲಿಕಾ ಜೆಲ್ ಇರುವ ಡೆಸಿಕೇಟರಿನಲ್ಲಿ ಕೋಣೆಯ ಉಷ್ಣತೆಯಲ್ಲೇ ಎರಡು ದಿನ ಇಟ್ಟು ತೂಗುವುದು ಸರಿಯಾದ ಮಾರ್ಗ.

ಸುಡುವುದು

ಸಸ್ಯ ಮಾದರಿಗಳನ್ನು ಜೀರ್ಣಿಸಲು, ಅಂದರೆ ಆಮ್ಲದಲ್ಲಿ ಕಾಯಿಸಿ ಕರಗಿಸಲು, ನಮ್ಮ ಕೃಷಿ ಪ್ರಯೋಗಾಲಯಗಳಲ್ಲಿ ನೈಟ್ರಿಕ್ ಮತ್ತು ಪರ್ಕ್ಲೋರಿಕ್ ಆಮ್ಲಗಳ ಮಿಶ್ರಣ ಬಳಸುವುದು ರೂಢಿ. ಎಲೆ, ಕಾಂಡಗಳಿಗೆ ಅದು ಒಳ್ಳೆಯ ವಿಧಾನವೇ. ರಾಳಕ್ಕೆ ಅದನ್ನು ಬಳಸಲೇಬೇಡಿ. ಸಾಂದ್ರ ನೈಟ್ರಿಕ್ ಆಮ್ಲ ಟರ್ಪೀನುಗಳೊಂದಿಗೆ ತೀವ್ರವಾಗಿ ವರ್ತಿಸಿ ತಾನೇ ಹೊತ್ತಿಕೊಳ್ಳಬಹುದು. ಬಿಸಿ ಪರ್ಕ್ಲೋರಿಕ್ ಆಮ್ಲ ಎಣ್ಣೆ, ರಾಳದಂಥ ಪದಾರ್ಥಗಳೊಂದಿಗೆ ಸ್ಫೋಟಿಸಬಹುದು. ಮುಚ್ಚಿದ ಪಾತ್ರೆಯ ಮೈಕ್ರೋವೇವ್ ಜೀರ್ಣಕ ಇದ್ದು, ಅದನ್ನು ಬಳಸಲು ತರಬೇತಿ ಪಡೆದವರು ಪಕ್ಕದಲ್ಲಿದ್ದರೆ ಚಿಕ್ಕ ತೂಕದ ಮಾದರಿಯನ್ನು ಅದರಲ್ಲಿ ಜೀರ್ಣಿಸಬಹುದು. ಇಲ್ಲವಾದರೆ ಒಣ ದಹನವೇ ಗತಿ, ಮತ್ತು ಪೊಟ್ಯಾಸಿಯಂಗೆ ಅದು ಸಾಕಷ್ಟು ಒಳ್ಳೆಯ ಗತಿ.

ಇದಕ್ಕೆ ಸಿಲಿಕಾ ಮೂಷೆ (ಕ್ರೂಸಿಬಲ್) ಬೇಕು. ಮೆರುಗು ಸವೆದ ಹಳೆಯ ಪಿಂಗಾಣಿ ಮೂಷೆ ಬೇಡ. ಕ್ಷಾರಲೋಹಗಳು ಬಿಸಿಯಲ್ಲಿ ಅದರ ಮೈಗೆ ಇಳಿದು ಮರಳಿ ಬರುವುದಿಲ್ಲ, ಹಿಂದಿನವರು ಸುಟ್ಟ ಮಾದರಿಯ ಪೊಟ್ಯಾಸಿಯಂ ಕೂಡ ಅದರಲ್ಲಿ ಉಳಿದಿರಬಹುದು. ಮೂಷೆಯನ್ನು ಶೇ. 10ರ ನೈಟ್ರಿಕ್ ಆಮ್ಲದಲ್ಲಿ ಒಂದು ರಾತ್ರಿ ನೆನೆಸಿ, ಎರಡು ಬಾರಿ ಬಟ್ಟಿ ಇಳಿಸಿದ ನೀರಿನಲ್ಲಿ ತೊಳೆದು, ಕುಲುಮೆಯಲ್ಲಿ ಕಾಯಿಸಿ ತಣಿಸಿ ತೂಗಿರಿ. ಮಾದರಿ ಮೂಷೆಯ ಮೂರನೇ ಒಂದು ಭಾಗಕ್ಕಿಂತ ಮೇಲೆ ಬರಬಾರದು. ಅಂಟಿನ ಉಂಡಿಗೆಂದು ತುಪ್ಪದಲ್ಲಿ ಹುರಿಯುವಾಗ ಅಂಟು ಅರಳುವುದನ್ನು ನೋಡಿದವರಿಗೆ ಕಾರಣ ಹೇಳಬೇಕಿಲ್ಲ; ಮೂಷೆಯಲ್ಲೂ ಅದು ಹಾಗೆಯೇ ಉಬ್ಬಿ ಅಂಚು ದಾಟುತ್ತದೆ. ರಾಳ ಉಬ್ಬುವುದಕ್ಕಿಂತ ನೊರೆಯಾಗಿ ಏರುತ್ತದೆ.

ಮೂಷೆಯನ್ನು ನೇರವಾಗಿ ಕುಲುಮೆಗೆ ಹಾಕುವುದೇ ಈ ಕೆಲಸದಲ್ಲಿ ಅತಿ ಹೆಚ್ಚು ಕಾಣುವ ತಪ್ಪು. ಮೊದಲು ಹೊಗೆಗೂಡಿನಲ್ಲಿ, ಹಾಟ್‌ಪ್ಲೇಟಿನ ಮೇಲೆ, ಮುಚ್ಚಳವನ್ನು ಒಂದಿಷ್ಟು ಓರೆಯಾಗಿಟ್ಟು ನಿಧಾನವಾಗಿ ಕರಕು ಮಾಡಬೇಕು. ರಾಳ ಮೊದಲು ಕರಗಿ ಎಣ್ಣೆಯಂತೆ ಹೊಳೆಯುತ್ತದೆ, ಅಂಚಿನಲ್ಲಿ ಸಣ್ಣ ಗುಳ್ಳೆಗಳು ಏಳುತ್ತವೆ, ಬಳಿಕ ದಟ್ಟ ಬಿಳಿ ಹೊಗೆ ಬರುತ್ತದೆ. ಈ ಹೊಗೆ ಹೊತ್ತಿಕೊಳ್ಳದಂತೆ ಉಷ್ಣತೆಯನ್ನು ಕೈಯಲ್ಲಿಟ್ಟುಕೊಳ್ಳುವುದೇ ಇಲ್ಲಿನ ಕೌಶಲ. ಹೊತ್ತಿಕೊಂಡರೆ ಮೂಷೆಯೊಳಗಿನ ಬಿಸಿ ನಮ್ಮ ಅಂಕೆ ಮೀರಿ ಏರುತ್ತದೆ, ಮಸಿಯ ಜೊತೆಗೆ ಬೂದಿಯ ಸೂಕ್ಷ್ಮ ಕಣಗಳೂ ಮೇಲೆ ಹಾರುತ್ತವೆ, ಪೊಟ್ಯಾಸಿಯಂ ಎಷ್ಟು ಹೋಯಿತೆಂದು ಹೇಳಲು ಬರುವುದಿಲ್ಲ. ಜ್ವಾಲೆ ಕಂಡರೆ ಊದಿ ಆರಿಸಲು ಹೋಗಬೇಡಿ. ಚಿಮ್ಮಟದಿಂದ ಮುಚ್ಚಳವನ್ನು ಪೂರ್ತಿ ಮುಚ್ಚಿದರೆ ತಾನೇ ಆರುತ್ತದೆ, ಆದರೂ ಆ ಮೂಷೆಯ ಫಲಿತಾಂಶವನ್ನು ಗುರುತು ಮಾಡಿಟ್ಟುಕೊಂಡು ಇನ್ನೊಂದು ತೂಕ ತೆಗೆದುಕೊಳ್ಳುವುದು ಮೇಲು. ಕೆಳಗಿನಿಂದ ಕಾಯಿಸುವ ಬದಲು ಮೇಲಿನಿಂದ ಇನ್‌ಫ್ರಾರೆಡ್ ದೀಪ ಬಿಟ್ಟರೆ ನೊರೆ ಬಹಳ ಕಡಿಮೆಯಾಗುತ್ತದೆ.

ಹೊಗೆ ಸಂಪೂರ್ಣ ನಿಂತು ಕಪ್ಪು ಇದ್ದಿಲು ಉಳಿದ ಮೇಲೆ ತಣ್ಣಗಿರುವ ಮಫಲ್ ಕುಲುಮೆಯಲ್ಲಿಟ್ಟು, ಎರಡು ಮೂರು ಗಂಟೆಗಳಲ್ಲಿ ನಿಧಾನವಾಗಿ 450 ಡಿಗ್ರಿಗೆ ಏರಿಸಿ, ಆರು ಗಂಟೆ ಅಥವಾ ರಾತ್ರಿಯಿಡೀ ಅಲ್ಲೇ ನಿಲ್ಲಿಸಿ. 500 ಡಿಗ್ರಿ ದಾಟಕೂಡದು. ಪೊಟ್ಯಾಸಿಯಂ ಕ್ಲೋರೈಡ್ ಕರಗುವುದು 770 ಡಿಗ್ರಿಯ ಆಸುಪಾಸಿನಲ್ಲಾದರೂ ಅದಕ್ಕೂ ಎಷ್ಟೋ ಮೊದಲೇ ಅದು ಆವಿಯಾಗಿ ಕಳೆದುಹೋಗಲು ಆರಂಭಿಸುತ್ತದೆ, ಹಾಗಾಗಿ ಬೂದಿ ಬೇಗ ಬೆಳ್ಳಗಾಗಲಿ ಎಂದು 600, 700ಕ್ಕೆ ಏರಿಸುವವರು ತಾವು ಅಳೆಯಬೇಕಾದದ್ದನ್ನೇ ಚಿಮಣಿಗೆ ಕಳಿಸುತ್ತಿರುತ್ತಾರೆ. ಕುಲುಮೆಯ ಮುಖಫಲಕದಲ್ಲಿ ತೋರುವ ಅಂಕಿಯನ್ನೂ ಪೂರ್ತಿ ನಂಬಬೇಡಿ. ಹಳೆಯ ಕುಲುಮೆಗಳಲ್ಲಿ ಹಿಂಬದಿಯ ಉಷ್ಣತೆ ಬಾಗಿಲ ಬಳಿಗಿಂತ ಬಹಳ ಹೆಚ್ಚಿರುವುದುಂಟು, ಮೂಷೆಗಳನ್ನು ನಡುವೆ ಇಡಿ. ರಾತ್ರಿ ವಿದ್ಯುತ್ ಹೋಗಿ ಬಂದಿದ್ದರೆ ಅವಧಿ ಕಡಿಮೆಯಾಗಿರುತ್ತದೆ, ಅಷ್ಟೇ. ಮತ್ತೆ ಮುಂದುವರಿಸಿದರೆ ಕೆಡುಕೇನಿಲ್ಲ.

ಬೆಳಗ್ಗೆ ಬೂದಿಯಲ್ಲಿ ಕಪ್ಪು ಚುಕ್ಕೆಗಳು ಉಳಿದಿದ್ದರೆ ಉಷ್ಣತೆ ಹೆಚ್ಚಿಸುವ ಬದಲು ಮೂಷೆಯನ್ನು ತಣಿಸಿ, ಕೆಲವು ಹನಿ ನೀರು, ಆ ಬಳಿಕ 1 ಮಿ.ಲೀ. ದುರ್ಬಲ ನೈಟ್ರಿಕ್ ಆಮ್ಲ ಹಾಕಿ, ಹಾಟ್‌ಪ್ಲೇಟಿನ ಮೇಲೆ ಒಣಗಿಸಿ, ಮತ್ತೆ 450 ಡಿಗ್ರಿಯಲ್ಲಿ ಒಂದು ಗಂಟೆ ಇಡಿ. ಕರಗುವ ಲವಣಗಳು ಇದ್ದಿಲಿನ ಕಣಗಳ ಮೇಲೆ ಪದರ ಕಟ್ಟಿ ಆಮ್ಲಜನಕ ತಾಗದಂತೆ ಮಾಡಿರುತ್ತವೆ. ನೀರು ಆ ಪದರವನ್ನು ಬಿಡಿಸುತ್ತದೆ. ಆಮ್ಲ ಹಾಕುವ ಹೊತ್ತಿಗೆ ಮೂಷೆಯಲ್ಲಿ ಸುಡದ ರಾಳ ಒಂದಿಷ್ಟೂ ಇರಬಾರದು ಎಂಬುದನ್ನು ಮರೆಯಬೇಡಿ.

ಮಾದರಿ ಇಲ್ಲದ ಒಂದು ಖಾಲಿ ಮೂಷೆಯೂ ಮೊದಲಿನಿಂದ ಕೊನೆಯವರೆಗೆ ಇದೇ ದಾರಿಯಲ್ಲಿ ಸಾಗಬೇಕು. ಇದನ್ನೇ ಬ್ಲ್ಯಾಂಕ್ ಎನ್ನುವುದು. ಬರೀ ಬಟ್ಟಿ ನೀರನ್ನು ಬ್ಲ್ಯಾಂಕ್ ಎಂದು ಕರೆದು ಮುಂದೆ ಹೋಗುವ ರೂಢಿ ಇದೆ, ಅದು ರಾಳದ ಮಟ್ಟದ ಅಳತೆಗೆ ಸಾಲದು.

ದ್ರಾವಣ

ಬೂದಿಯ ಮೇಲೆ 5 ಮಿ.ಲೀ. ಹೈಡ್ರೋಕ್ಲೋರಿಕ್ ಆಮ್ಲ, ಸಮಭಾಗ ನೀರು ಬೆರೆಸಿದ್ದು, ಹಾಕಿ ಬಿಸಿ ಮಾಡಿ, ಬಹುತೇಕ ಒಣಗುವವರೆಗೆ ಆವಿಯಾಗಲು ಬಿಡಿ. ಇದರಿಂದ ಹೆಚ್ಚುವರಿ ಆಮ್ಲ ಹೋಗುತ್ತದೆ, ಧೂಳಿನಿಂದ ಬಂದ ಸಿಲಿಕಾ ಕರಗದ ರೂಪಕ್ಕೆ ತಿರುಗುತ್ತದೆ. ಆಮೇಲೆ ಅದೇ ಆಮ್ಲದ 1 ಮಿ.ಲೀ. ಮತ್ತು ಬಿಸಿನೀರು ಹಾಕಿ ಕರಗಿಸಿ, ಬೂದಿರಹಿತ ಸೋಸುಕಾಗದದ ಮೂಲಕ 50 ಮಿ.ಲೀ. ಫ್ಲಾಸ್ಕಿಗೆ ಸೋಸಿ, ಕಾಗದವನ್ನು ಬಿಸಿನೀರಿನಿಂದ ಮೂರು ಸಲ ತೊಳೆದು ಗೆರೆಯವರೆಗೆ ತುಂಬಿಸಿ. ಅಂಟಿನ ಮಾದರಿಯಾದರೆ 2 ಮಿ.ಲೀ. ಆಮ್ಲ, 100 ಮಿ.ಲೀ. ಫ್ಲಾಸ್ಕು. ಕಾಗದದ ಮೇಲೆ ಉಳಿದದ್ದನ್ನು ಚೆಲ್ಲುವ ಮೊದಲು ಒಮ್ಮೆ ನೋಡಿ. ಬೆಳ್ಳನೆಯ ಮರಳು ಕಣ್ಣಿಗೆ ಕಾಣುವಷ್ಟಿದ್ದರೆ ನಿಮ್ಮ ಮಾದರಿಗೆ ಮಣ್ಣು ತಾಗಿತ್ತೆಂದೇ ಅರ್ಥ, ಬಂದ ಪೊಟ್ಯಾಸಿಯಂನಲ್ಲಿ ಎಷ್ಟು ಮರದ್ದು, ಎಷ್ಟು ಹೊಲದ್ದು ಎಂದು ಬೇರ್ಪಡಿಸಲಾಗದು.

ನೀರಿನ ಬಗ್ಗೆ ಒಂದು ಮಾತು. ಗದಗ ಜಿಲ್ಲೆಯ ಕೊಳವೆಬಾವಿಗಳ ನೀರು ಬಹುಕಡೆ ಗಡಸು. ಅದನ್ನು ಮನೆಯ ಆರ್‌ಓ ಯಂತ್ರದಲ್ಲಿ ಹಾಯಿಸಿದರೂ ಸೋಡಿಯಂ ಪೂರ್ತಿ ಹೋಗುವುದಿಲ್ಲ. ಎರಡು ಬಾರಿ ಬಟ್ಟಿ ಇಳಿಸಿದ ನೀರನ್ನೋ ಡಿಅಯೋನೈಸ್ಡ್ ನೀರನ್ನೋ ಬಳಸಿ, ಅದನ್ನು ಗಾಜಿನ ಬಾಟಲಿಯಲ್ಲಿಡದೆ ಪಾಲಿಥೀನ್ ಬಾಟಲಿಯಲ್ಲಿಡಿ. ಪೊಟ್ಯಾಸಿಯಂ ಎಷ್ಟಿದೆಯೆಂದು ಮೊದಲೇ ಗೊತ್ತಿದ್ದು ಹೋಲಿಕೆಗೆ ಬಳಸುವ ಪ್ರಮಾಣಿತ ದ್ರಾವಣಗಳಿಗೂ ಇದೇ ನಿಯಮ ಅನ್ವಯಿಸುತ್ತದೆ.

ಆ ಪ್ರಮಾಣಿತ ದ್ರಾವಣಗಳನ್ನು ತಯಾರಿಸುವುದು ಸರಳ. ಶುದ್ಧ ಪೊಟ್ಯಾಸಿಯಂ ಕ್ಲೋರೈಡನ್ನು 110 ಡಿಗ್ರಿಯಲ್ಲಿ ಎರಡು ಗಂಟೆ ಒಣಗಿಸಿ, 1.907 ಗ್ರಾಂ ತೂಗಿ ಒಂದು ಲೀಟರಿಗೆ ಕರಗಿಸಿದರೆ ಲೀಟರಿಗೆ 1000 ಮಿ.ಗ್ರಾಂ ಪೊಟ್ಯಾಸಿಯಂ ಇರುವ ಮೂಲ ದ್ರಾವಣ ಸಿಗುತ್ತದೆ. ಅದರಲ್ಲಿ 10 ಮಿ.ಲೀ. ತೆಗೆದು 100ಕ್ಕೆ ತುಂಬಿಸಿದರೆ 100 ಮಿ.ಗ್ರಾಂನದು, ಇದರಿಂದ 2, 4, 6, 8, 10 ಮಿ.ಲೀ.ಗಳನ್ನು ಬೇರೆಬೇರೆ 100 ಮಿ.ಲೀ. ಫ್ಲಾಸ್ಕುಗಳಿಗೆ ಹಾಕಿ, ಪ್ರತಿಯೊಂದಕ್ಕೂ 2 ಮಿ.ಲೀ. ಅದೇ ಆಮ್ಲ ಸೇರಿಸಿ ತುಂಬಿಸಿದರೆ ಲೀಟರಿಗೆ 2ರಿಂದ 10 ಮಿ.ಗ್ರಾಂವರೆಗಿನ ಸಾಲು ಸಿದ್ಧ. ಮಾದರಿಯಲ್ಲಿರುವಷ್ಟೇ ಆಮ್ಲ ಇವುಗಳಲ್ಲೂ ಇರಬೇಕು. ಆಮ್ಲದ ಪ್ರಮಾಣ ಬದಲಾದರೆ ತುಂತುರಾಗುವ ರೀತಿಯೂ ಸ್ವಲ್ಪ ಬದಲಾಗುತ್ತದೆ.

ಜ್ವಾಲೆಯ ಮುಂದೆ

ಎಲ್‌ಪಿಜಿ ಮತ್ತು ಗಾಳಿಯ ಜ್ವಾಲೆಯ ಉಷ್ಣತೆ ಸುಮಾರು 1900 ಡಿಗ್ರಿ. ಹೆಚ್ಚಿನ ಲೋಹಗಳನ್ನು ಕೆರಳಿಸಲು ಇಷ್ಟು ಸಾಲದು, ಆದರೆ ಕ್ಷಾರಲೋಹಗಳಿಗೆ ಧಾರಾಳವಾಗಿ ಸಾಕು. ದ್ರಾವಣ ನೆಬ್ಯುಲೈಜರಿನಲ್ಲಿ ತುಂತುರಾಗಿ ಜ್ವಾಲೆ ಸೇರಿದಾಗ ನೀರು ಆವಿಯಾಗುತ್ತದೆ, ಲವಣ ಒಡೆದು ಬಿಡಿ ಪರಮಾಣುಗಳಾಗುತ್ತವೆ, ಅವುಗಳಲ್ಲಿ ಕೆಲವು ಶಕ್ತಿ ಪಡೆದು ಮರಳಿ ಇಳಿಯುವಾಗ ಬೆಳಕು ಬಿಡುತ್ತವೆ. ಪೊಟ್ಯಾಸಿಯಂನ ಈ ಬೆಳಕು 766.5 ಮತ್ತು 769.9 ನ್ಯಾನೊಮೀಟರುಗಳಲ್ಲಿ ಬರುತ್ತದೆ. ಇದು ಕಣ್ಣಿನ ಅಳವಿನ ಅಂಚು; ಹಾಗಾಗಿ ಅಂಟಿನ ಬೂದಿಯ ದ್ರಾವಣ ಹೀರಿಕೊಂಡಾಗ ನಿಮಗೆ ಕಾಣುವುದು ಸೋಡಿಯಂನ ಹಳದಿಯೇ ಹೊರತು ಪೊಟ್ಯಾಸಿಯಂನ ತೆಳು ನೇರಳೆಯಲ್ಲ. ಕೋಬಾಲ್ಟ್ ನೀಲಿ ಗಾಜಿನ ಮೂಲಕ ನೋಡಿದರೆ ಹಳದಿ ಅಳಿದು ನೇರಳೆ ಉಳಿಯುತ್ತದೆ, ವಿದ್ಯಾರ್ಥಿಗಳಿಗೆ ಒಮ್ಮೆ ತೋರಿಸಬೇಕಾದ ನೋಟ ಅದು. ಬುನ್ಸೆನ್ ಮತ್ತು ಕಿರ್ಖಾಫ್ 1860ರಲ್ಲಿ ಸೀಸಿಯಂ, ಮರುವರ್ಷ ರುಬಿಡಿಯಂ ಕಂಡುಹಿಡಿದದ್ದು ಹೀಗೆ ಜ್ವಾಲೆಯ ಬೆಳಕನ್ನು ಬಿಡಿಸಿ ನೋಡಿಯೇ. ಉಪಕರಣದಲ್ಲಿ ಆ ಕೆಲಸವನ್ನು ಫಿಲ್ಟರ್ ಮಾಡುತ್ತದೆ, ಅದು ಪೊಟ್ಯಾಸಿಯಂನ ಎರಡೂ ರೇಖೆಗಳನ್ನು ಬಿಟ್ಟುಕೊಟ್ಟು ಉಳಿದದ್ದನ್ನು ತಡೆಯುತ್ತದೆ.

ಹೊತ್ತಿಸುವ ಕ್ರಮ ಎಂದೂ ತಪ್ಪಬಾರದು: ಮೊದಲು ಕಂಪ್ರೆಸರ್ ಚಾಲೂ ಮಾಡಿ ಗಾಳಿಯ ಒತ್ತಡ ಸ್ಥಿರವಾಗಲಿ, ಬಳಿಕ ಗ್ಯಾಸ್. ಆರಿಸುವಾಗ ಮೊದಲು ಗ್ಯಾಸ್, ಕೊನೆಗೆ ಗಾಳಿ. ಅದಕ್ಕೂ ಮುಂಚೆ ಡ್ರೇನ್ ಕೊಳವೆಯ ಬಾಗಿನಲ್ಲಿ ನೀರು ನಿಂತಿದೆಯೇ ನೋಡಿ. ಅದು ಒಣಗಿದ್ದರೆ ಗ್ಯಾಸ್ ಆ ದಾರಿಯಲ್ಲಿ ಹೊರಬರುತ್ತದೆ. ಸೋರಿಕೆಯನ್ನು ಸೋಪಿನ ನೀರು ಹಚ್ಚಿ ಪರೀಕ್ಷಿಸಬೇಕು. ಮಳೆಗಾಲದಲ್ಲಿ ಕಂಪ್ರೆಸರಿನ ತೇವ ಹಿಡಿಯುವ ಬಟ್ಟಲನ್ನು ದಿನವೂ ಬರಿದು ಮಾಡದಿದ್ದರೆ ಜ್ವಾಲೆ ನಡುಗುತ್ತದೆ.

ಬಟ್ಟಿ ನೀರು ಹೀರಿಸುತ್ತಾ ಗ್ಯಾಸಿನ ತಿರುಪನ್ನು ನಿಧಾನವಾಗಿ ತಿರುಗಿಸಿ, ಬರ್ನರಿನ ಮೇಲೆ ಚಿಕ್ಕ ನೀಲಿ ಶಂಕುಗಳು ಒಂದಕ್ಕೊಂದು ಕೂಡದೆ ಚೂಪಾಗಿ ನಿಲ್ಲುವವರೆಗೆ ಹೊಂದಿಸಿ. ತುದಿಯಲ್ಲಿ ಹಳದಿ ಆಡುತ್ತಿದ್ದರೆ ಗ್ಯಾಸ್ ಹೆಚ್ಚಾಗಿದೆ, ಅಥವಾ ಹಿಂದಿನ ದಿನದ ಮಣ್ಣಿನ ದ್ರಾವಣಗಳ ಲವಣ ಬರ್ನರಿನಲ್ಲಿ ಕೂತಿದೆ. ಇಪ್ಪತ್ತು ನಿಮಿಷ ಹಾಗೇ ಉರಿಯಲು ಬಿಟ್ಟು ಆಮೇಲೆ ಆಮ್ಲ ಬೆರೆತ ನೀರಿನಲ್ಲಿ ಸೊನ್ನೆ, 10 ಮಿ.ಗ್ರಾಂ ದ್ರಾವಣದಲ್ಲಿ 100 ಎಂದು ಹೊಂದಿಸಿ, ನಡುವಿನವನ್ನು ಏರಿಕೆಯ ಕ್ರಮದಲ್ಲಿ ಓದಿ ಗ್ರಾಫ್ ಎಳೆಯಿರಿ. ಮಣ್ಣಿನವರು 40, 100 ಮಿ.ಗ್ರಾಂವರೆಗೂ ಹೋಗುತ್ತಾರೆ; ಅಷ್ಟು ಮೇಲೆ ಜ್ವಾಲೆಯ ಹೊರವಲಯದ ಪರಮಾಣುಗಳು ಒಳಗಿನ ಬೆಳಕನ್ನೇ ಹೀರಿಕೊಳ್ಳುವುದರಿಂದ ರೇಖೆ ಬಾಗುತ್ತದೆ. ನಮಗೆ 10ರೊಳಗಿನ ನೇರ ಭಾಗವೇ ಸಾಕು. ಮಾದರಿ 10 ಮೀರಿ ಓದಿದರೆ ಗ್ರಾಫನ್ನು ಊಹೆಯಿಂದ ಮುಂದೆ ಎಳೆಯದೆ ದ್ರಾವಣವನ್ನು ದುರ್ಬಲಗೊಳಿಸಿ. ಆಗಲೂ ಬರೀ ನೀರಿನಿಂದಲ್ಲ, ಅಷ್ಟೇ ಆಮ್ಲವಿರುವ ನೀರಿನಿಂದ.

ಪ್ರತಿ ಐದು ಮಾದರಿಗಳಿಗೊಮ್ಮೆ 6 ಮಿ.ಗ್ರಾಂ ದ್ರಾವಣವನ್ನು ಮತ್ತೆ ಓದಿ. ಶೇ. 3ಕ್ಕಿಂತ ಹೆಚ್ಚು ಸರಿದಿದ್ದರೆ ಹಿಂದಿನ ಐದನ್ನೂ ಮರಳಿ ಓದಬೇಕಾಗುತ್ತದೆ. ಓದು ಮೆಲ್ಲಗೆ ಇಳಿಯುತ್ತಲೇ ಹೋದರೆ ಮೊದಲು ಸಂಶಯಿಸಬೇಕಾದದ್ದು ಹೀರುಕೊಳವೆಯನ್ನು. ಸೋಸುಕಾಗದದ ಒಂದು ನಾರು ಸಾಕು ಅದನ್ನು ಕಟ್ಟಲು.

ಸೋಡಿಯಂನ ಕಾಟ

ಪೊಟ್ಯಾಸಿಯಂ ಪರಮಾಣುವಿನಿಂದ ಎಲೆಕ್ಟ್ರಾನ್ ಕಳಚಲು 4.34 ಎಲೆಕ್ಟ್ರಾನ್ ವೋಲ್ಟ್ ಸಾಕು. ಹಾಗಾಗಿ ಜ್ವಾಲೆಯಲ್ಲಿ ಅದರ ಒಂದು ಪಾಲು ಅಯಾನಾಗಿಬಿಡುತ್ತದೆ, ಅಯಾನುಗಳು ನಮಗೆ ಬೇಕಾದ ಬೆಳಕು ಕೊಡುವುದಿಲ್ಲ. ದ್ರಾವಣದಲ್ಲಿ ಸೋಡಿಯಂ ಹೆಚ್ಚಿದ್ದರೆ ಅದು ಜ್ವಾಲೆಗೆ ಎಲೆಕ್ಟ್ರಾನುಗಳನ್ನು ಒದಗಿಸಿ ಪೊಟ್ಯಾಸಿಯಂನ ಅಯಾನೀಕರಣವನ್ನು ತಡೆಯುತ್ತದೆ, ಓದು ಏರುತ್ತದೆ. ಎಂದರೆ ಸೋಡಿಯಂ ಇಲ್ಲದ ಪ್ರಮಾಣಿತ ದ್ರಾವಣಗಳೊಂದಿಗೆ ಸೋಡಿಯಂ ಇರುವ ಮಾದರಿಯನ್ನು ಹೋಲಿಸಿದರೆ ಪೊಟ್ಯಾಸಿಯಂ ಇರುವುದಕ್ಕಿಂತ ಹೆಚ್ಚು ಎಂದು ತೋರುತ್ತದೆ. ಎಲ್‌ಪಿಜಿ ಜ್ವಾಲೆ ಅಷ್ಟೇನೂ ಬಿಸಿಯಲ್ಲದ್ದರಿಂದ ಈ ದೋಷ ಸಣ್ಣದು, ಆದರೆ ಲೀಟರಿಗೆ 1, 2 ಮಿ.ಗ್ರಾಂ ಮಟ್ಟದ ರಾಳದ ದ್ರಾವಣಗಳಲ್ಲಿ ಅಲಕ್ಷಿಸುವಂಥದ್ದಲ್ಲ. ಪರಿಹಾರ ಸುಲಭ: ಅದೇ ಉಪಕರಣದ ಸೋಡಿಯಂ ಫಿಲ್ಟರಿನಲ್ಲಿ ಮಾದರಿಯ ಸೋಡಿಯಂ ಓದಿ, ಸುಮಾರು ಅಷ್ಟನ್ನೇ ಪ್ರಮಾಣಿತ ದ್ರಾವಣಗಳಿಗೂ ಸೇರಿಸಿ. ಹಣಕ್ಕೆ ಕೊರತೆಯಿಲ್ಲದವರು ಮಾದರಿ, ಬ್ಲ್ಯಾಂಕ್, ಪ್ರಮಾಣಿತ ದ್ರಾವಣ ಎಲ್ಲಕ್ಕೂ ಲೀಟರಿಗೆ 1000 ಮಿ.ಗ್ರಾಂ ಸೀಸಿಯಂ ಬರುವಂತೆ ಸೀಸಿಯಂ ಕ್ಲೋರೈಡ್ ಹಾಕಬಹುದು.

ಮಾದರಿಯಲ್ಲಿ ಇನ್ನೇನಿದೆಯೋ ಎಂಬ ಅನುಮಾನ ಉಳಿದರೆ ಸೇರ್ಪಡೆ ವಿಧಾನ ಅನುಸರಿಸಿ. ದ್ರಾವಣವನ್ನು ನಾಲ್ಕು ಸಮಪಾಲು ಮಾಡಿ, ಕ್ರಮವಾಗಿ ಲೀಟರಿಗೆ 0, 2, 4, 6 ಮಿ.ಗ್ರಾಂ ಪೊಟ್ಯಾಸಿಯಂ ಹೆಚ್ಚುವಂತೆ ಸೇರಿಸಿ, ಎಲ್ಲದರ ಗಾತ್ರವನ್ನೂ ಒಂದೇ ಮಾಡಿ ಓದಿ. ರೇಖೆಯನ್ನು ಹಿಂದಕ್ಕೆ ಎಳೆದಾಗ ಅಡ್ಡಗೆರೆಯನ್ನು ಎಲ್ಲಿ ಮುಟ್ಟುತ್ತದೋ ಅದೇ ಮಾದರಿಯ ಪ್ರಮಾಣ.

ಲೆಕ್ಕ

ಅಂಟಿನ ಒಂದು ಕಲ್ಪಿತ ಉದಾಹರಣೆ ನೋಡೋಣ. ಒಣಗಿಸಿದ 1.000 ಗ್ರಾಂ ಅಂಟಿನ ಬೂದಿಯನ್ನು 100 ಮಿ.ಲೀ. ಮಾಡಿ, ಅದರ 10 ಮಿ.ಲೀ.ಯನ್ನು ಮತ್ತೆ 100ಕ್ಕೆ ದುರ್ಬಲಗೊಳಿಸಿದೆವು. ಅಷ್ಟೇ ದುರ್ಬಲಗೊಳಿಸಿದ ಬ್ಲ್ಯಾಂಕ್ ಕಳೆದ ಮೇಲೆ ಓದು ಲೀಟರಿಗೆ 5.2 ಮಿ.ಗ್ರಾಂ. ಮೊದಲ ದ್ರಾವಣದಲ್ಲಿ ಇದರ ಹತ್ತರಷ್ಟು, ಅಂದರೆ ಲೀಟರಿಗೆ 52, 100 ಮಿ.ಲೀ.ಯಲ್ಲಿ 5.2 ಮಿ.ಗ್ರಾಂ. ಒಂದು ಗ್ರಾಂ ಅಂಟಿಗೆ 5.2 ಮಿ.ಗ್ರಾಂ ಎಂದರೆ ಶೇ. 0.52. ಇನ್ನು ರಾಳ: 5.000 ಗ್ರಾಂ, 50 ಮಿ.ಲೀ., ದುರ್ಬಲಗೊಳಿಸಿಲ್ಲ, ಓದು 3.1, ಬ್ಲ್ಯಾಂಕ್ 0.4. ಉಳಿದ 2.7ನ್ನು 0.05 ಲೀಟರಿನಿಂದ ಗುಣಿಸಿದರೆ 0.135 ಮಿ.ಗ್ರಾಂ, ಕಿಲೋಗೆ 27 ಮಿ.ಗ್ರಾಂ. ಇಲ್ಲಿ ಬ್ಲ್ಯಾಂಕ್ ಕಳೆಯಲು ಮರೆತವರಿಗೆ ಉತ್ತರ 31 ಬರುತ್ತದೆ, ಶೇ. 15ರಷ್ಟು ಹೆಚ್ಚು. ಅಂಟಿನಲ್ಲಿ ಅದೇ ಮರೆವು ಕಣ್ಣಿಗೂ ಕಾಣುತ್ತಿರಲಿಲ್ಲ.

ದಹನದಲ್ಲಿ ಪೊಟ್ಯಾಸಿಯಂ ಕಳೆದುಹೋಗಿಲ್ಲ ಎಂದು ತೋರಿಸುವುದಕ್ಕೆ ಒಂದು ಸುಲಭದ ದಾರಿ ಇದೆ. ಎರಡು ಮೂಷೆಗಳಿಗೆ ಸಮ ತೂಕದ ಮಾದರಿ ಹಾಕಿ, ಒಂದಕ್ಕೆ ಸುಡುವ ಮೊದಲೇ ಗೊತ್ತಾದ ಪ್ರಮಾಣದ ಪೊಟ್ಯಾಸಿಯಂ ಸೇರಿಸಿ; ಮೇಲಿನ ರಾಳಕ್ಕಾದರೆ 100 ಮಿ.ಗ್ರಾಂ ದ್ರಾವಣದ 2 ಮಿ.ಲೀ., ಅಂದರೆ 0.2 ಮಿ.ಗ್ರಾಂ. ಅದನ್ನು ಒಣಗಲು ಬಿಟ್ಟು ಎರಡನ್ನೂ ಒಟ್ಟಿಗೆ ಸುಟ್ಟು ಅಳೆದಾಗ ಬರುವ ವ್ಯತ್ಯಾಸ ಸೇರಿಸಿದ್ದರ ಶೇ. 90ರಿಂದ 110ರೊಳಗೆ ಇದ್ದರೆ ರಾಳದ ಮಟ್ಟಕ್ಕೆ ತೃಪ್ತಿಪಡಬಹುದು. ಅಂಟಿಗಾದರೆ 95ರಿಂದ 105 ಬೇಕು. ಶೇ. 80 ಬಂದರೆ ಉಪಕರಣವನ್ನು ದೂರದೆ ಕುಲುಮೆಯ ಉಷ್ಣತೆಯನ್ನು ಬೇರೊಂದು ಥರ್ಮೋಕಪಲ್‌ನಿಂದ ಪರೀಕ್ಷಿಸಿ.

ವರದಿಯಲ್ಲಿ ಅಂಕಿಯ ಜೊತೆಗೆ ಅದು ಒಣ ತೂಕದ ಮೇಲಿನದೋ, ತಂದ ಸ್ಥಿತಿಯದೋ ಎಂಬುದನ್ನೂ, ದಹನದ ಉಷ್ಣತೆ, ಅವಧಿ, ಬ್ಲ್ಯಾಂಕಿನ ಓದು, ಮರಳಿ ಸಿಕ್ಕ ಶೇಕಡಾವಾರು, ಮರದ ಹೆಸರು, ಸಂಗ್ರಹಿಸಿದ ತಿಂಗಳು ಇವನ್ನೂ ಬರೆಯಿರಿ. ಉಂಡಿಗೆಂದು ಮಾರುವ ಅಂಟಿನಲ್ಲಿ ಬೇರೆ ಮರದ ಅಂಟು ಬೆರೆತಿದೆಯೇ ಎಂದು ಪೊಟ್ಯಾಸಿಯಂ ನೋಡಿ ಹೇಳಬಲ್ಲಿರಾ ಎಂದು ವ್ಯಾಪಾರಿಗಳು ಕೇಳುವುದುಂಟು. ಒಂದೇ ಜಾತಿಯ ಎರಡು ಮರಗಳ ನಡುವೆಯೇ ಮಣ್ಣು, ವಯಸ್ಸು, ಋತುವಿಗೆ ತಕ್ಕಂತೆ ಈ ಅಂಕಿ ಬದಲಾಗುವುದರಿಂದ ಅದೊಂದನ್ನೇ ಹಿಡಿದು ಕಲಬೆರಕೆಯ ತೀರ್ಪು ಕೊಡಲಾಗದು. ಅದಕ್ಕೆ ದೃಕ್ ಭ್ರಮಣ (ದ್ರಾವಣವು ಧ್ರುವೀಕೃತ ಬೆಳಕನ್ನು ಎಷ್ಟು ತಿರುಗಿಸುತ್ತದೆ ಎಂಬ ಅಳತೆ), ಸಾರಜನಕದ ಪ್ರಮಾಣ ಮತ್ತು ಸಕ್ಕರೆಗಳ ವಿಶ್ಲೇಷಣೆ ಬೇಕಾಗುತ್ತದೆ.